ಅದೇ ಕಥೆ, ಮಕ್ಕಳ ಪುಸ್ತಕ ಸರಣಿಯಲ್ಲಿ ಚೆನ್ನವೋ, ಸಿಟ್‌ಕಾಮ್‌ನಲ್ಲಿ ಚೆನ್ನವೋ?

ಸತ್ತ ಮೀನಿನ ಜಾಗಕ್ಕೆ ಅಂಥದ್ದೇ ಇನ್ನೊಂದು ಮೀನು ತಂದುಬಿಡುವುದು. ಒಂದೇ ಸಂಜೆ ಎರಡು ಕಡೆ ಬರುತ್ತೇನೆಂದು ಒಪ್ಪಿಕೊಳ್ಳುವುದು. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಂಡು ಇಲ್ಲದ್ದನ್ನೆಲ್ಲ ಊಹಿಸುವುದು. ಜಗಳವಾಡಿ ಕೋಣೆಯ ನಡುವೆ ಗೆರೆ ಎಳೆಯುವುದು. ಶಾಲೆಯಲ್ಲಿ ಕೊಟ್ಟ ಕೆಲಸಕ್ಕಾಗಿ ಹಿಟ್ಟಿನ ಚೀಲವನ್ನು ಮಗುವೆಂದುಕೊಂಡು ಸಾಕುವುದು. ಮಕ್ಕಳ ಪುಸ್ತಕ ಸರಣಿಗಳಲ್ಲೂ ಸಿಟ್‌ಕಾಮ್‌ಗಳಲ್ಲೂ, ಅಂದರೆ ಟಿವಿಯ ಹಾಸ್ಯ ಧಾರಾವಾಹಿಗಳಲ್ಲೂ, ಈ ಐದು ಕಥೆಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬರದ್ದನ್ನು ಇನ್ನೊಬ್ಬರು ಕದ್ದರು ಅನ್ನಬೇಕಾಗಿಲ್ಲ. ಕೊನೆಯಲ್ಲಿ ಎಲ್ಲವೂ ಮೊದಲಿದ್ದಲ್ಲಿಗೇ ಬಂದು ನಿಲ್ಲಬೇಕು, ಮುಂದಿನ ಪುಸ್ತಕಕ್ಕೋ ಎಪಿಸೋಡ್‌ಗೋ ಅದೇ ಮನೆ, ಅದೇ ಜನ ಸಿಗಬೇಕು. ಈ ಕಟ್ಟು ಇಬ್ಬರಿಗೂ ಇರುವಾಗ, ಒಂದು ಸುಳ್ಳು ಬಯಲಾದರೆ ತೀರಿಹೋಗುವಂಥ ತೊಂದರೆಗಳನ್ನೇ ಇಬ್ಬರೂ ಹುಡುಕುತ್ತಾರೆ.

ಒಂದೇ ಕಥೆಯನ್ನು ಎರಡೂ ರೂಪದಲ್ಲಿ ಬರೆದು ಪಕ್ಕಪಕ್ಕ ಇಟ್ಟು ಓದಿದಾಗ ಫಲಿತಾಂಶ ಹೆಚ್ಚಾಗಿ ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ: ಗುಟ್ಟು ಮೊದಲು ಯಾರಿಗೆ ಗೊತ್ತಾಗುತ್ತದೆ?

ಒಂದೇ ಸಂಜೆಯ ಎರಡು ಆಹ್ವಾನದ ಕಥೆ ಸಿಟ್‌ಕಾಮ್‌ನದ್ದೇ. ಎರಡೂ ಮೇಜಿನಲ್ಲಿ ಕೂತವರಿಗೆ ಗೊತ್ತಿಲ್ಲದ್ದು ನೋಡುಗರಿಗೆ ಗೊತ್ತಿರುತ್ತದೆ, ನಗು ಹುಟ್ಟುವುದೇ ಅಲ್ಲಿ. ಜೊತೆಗೆ ವೇಗ. ಒಂದು ಮೇಜಿನಿಂದ ಇನ್ನೊಂದಕ್ಕೆ ಓಡುವ ಮೊದಲ ಸುತ್ತಿಗೆ ಎರಡು ನಿಮಿಷ, ಎರಡನೆಯದಕ್ಕೆ ಒಂದು, ಆಮೇಲೆ ಇಪ್ಪತ್ತು ಸೆಕೆಂಡ್ ಹೀಗೆ ಬಿಗಿಯಾಗುತ್ತಾ ಹೋಗಬೇಕು. ಪುಟದ ಮೇಲೆ ಇದು ಕೈಗೂಡುವುದು ಕಷ್ಟ. ಪ್ರತಿ ಸಲ ಜಾಗ ಬದಲಾದಾಗಲೂ ಎಲ್ಲಿದ್ದೇವೆ, ಎದುರಿಗೆ ಯಾರಿದ್ದಾರೆ ಎಂದು ಒಂದೆರಡು ವಾಕ್ಯ ಹೇಳಲೇಬೇಕು, ಮೂರನೇ ಸುತ್ತಿಗೆ ಓದು ಕುಂಟುತ್ತದೆ. ಪುಸ್ತಕದಲ್ಲಿ ಬೇಕೇಬೇಕು ಎಂದಾದರೆ ಓಡಾಟವನ್ನು ಒಂದೇ ಸಲಕ್ಕೆ ಇಳಿಸಿ, ಉಳಿದದ್ದನ್ನು ಗಡಿಯಾರ ನೋಡುತ್ತಾ ಚಡಪಡಿಸುವ ಮಗುವಿನ ತಲೆಯೊಳಗೆ ನಡೆಸಬೇಕು. ಸಿಟ್‌ಕಾಮ್‌ನಲ್ಲೂ ಇದು ಕೆಡುವುದುಂಟು. ಎರಡು ಜಾಗ ದೂರವಿದ್ದರೆ ಪ್ರಯಾಣ ತೋರಿಸಬೇಕಾಗಿ ಬಿಗಿ ಸಡಿಲಾಗುತ್ತದೆ. ಒಂದೇ ಕಟ್ಟಡ, ನಡುವೆ ಒಂದೇ ಬಾಗಿಲು ಇದ್ದರೆ ಸರಿ.

ಅರ್ಧ ಕೇಳಿಸಿಕೊಂಡ ಮಾತಿನ ಕಥೆಯಲ್ಲಿ ಪುಸ್ತಕ ಬಹಳ ಮುಂದಿದೆ. ಮಗುವೇ ಕಥೆ ಹೇಳುವಾಗ ಓದುಗರಿಗೂ ಅದಕ್ಕೆ ಕೇಳಿಸಿದ್ದಷ್ಟೇ ಕೇಳಿಸುತ್ತದೆ, ಭಯವೂ ಅಷ್ಟೇ ಆಗುತ್ತದೆ. ಆದರೆ ಕೇಳಿಸುವ ವಾಕ್ಯವನ್ನು ತೂಗಿ ಬರೆಯಬೇಕು. ಮನೆಯವರು ಮಾತಾಡುವುದು ಹಳೆಯ ಸೋಫಾದ ಬಗ್ಗೆ, ಹುಡುಗ ಮಾತ್ರ ತನ್ನನ್ನೇ ಕಳಿಸುತ್ತಾರೆಂದುಕೊಳ್ಳುತ್ತಾನೆ ಅನ್ನಿ. ನಮ್ಮಲ್ಲಿ 'ಅವನನ್ನು' ಅಂದರೆ ಹುಡುಗ, 'ಅದನ್ನು' ಅಂದರೆ ಹಳೆಯ ಸೋಫಾ, ಅಲ್ಲಿಗೆ ಗುಟ್ಟು ಬಯಲು. 'ಕರ್ಕೊಂಡು ಹೋಗ್ತಾರೆ' ಅಂದರೂ ಸೋಫಾ ಅಲ್ಲವೆಂದು ಗೊತ್ತಾಗಿಬಿಡುತ್ತದೆ. 'ಇನ್ನು ಮನೇಲಿ ಇಟ್ಕೊಳ್ಳೋಕಾಗಲ್ಲ, ಭಾನುವಾರದೊಳಗೆ ಕಳಿಸಿಬಿಡೋಣ' ಅಂದರೆ ಎರಡಕ್ಕೂ ಹೊಂದುತ್ತದೆ. ಸಿಟ್‌ಕಾಮ್‌ನಲ್ಲಿ ಈ ಭಯ ಕೆಲಸ ಮಾಡುವುದಿಲ್ಲ, ಮನೆಯ ಹುಡುಗನನ್ನು ಯಾರೂ ಕಳಿಸುವುದಿಲ್ಲವೆಂದು ನೋಡುಗರಿಗೆ ಮೊದಲೇ ಗೊತ್ತು. ಅಲ್ಲಿ ಸೋಫಾವನ್ನು ಮೊದಲ ಸೀನ್‌ನಲ್ಲೇ ತೋರಿಸಿಬಿಡುವುದು ಒಳ್ಳೆಯದು. ಆಗ ಹುಡುಗ ಒಳ್ಳೆಯವನಾಗಲು ಪಡುವ ಪಾಡೇ ಹಾಸ್ಯವಾಗುತ್ತದೆ.

ಕೋಣೆಯ ಗೆರೆ ಕಣ್ಣಿಗೆ ಕಾಣಬೇಕಾದ ಕಥೆ. ಬಾಗಿಲು ಒಬ್ಬಳ ಪಾಲಿಗೆ, ಬಟ್ಟೆಯ ಬೀರು ಇನ್ನೊಬ್ಬಳ ಪಾಲಿಗೆ ಬಂದರೆ ಸೆಟ್ಟೇ ಅರ್ಧ ಕಥೆ ಹೇಳುತ್ತದೆ. ಪುಸ್ತಕದಲ್ಲಿ ಒಂದು ಚಿತ್ರ ಹಾಕಿದರೆ ಸಾಕು.

ಮೀನಿನ ಕಥೆಯಲ್ಲಿ ತೀರ್ಪು ಹೇಳುವುದು ಸುಲಭವಲ್ಲ. ಗುಟ್ಟು ದೊಡ್ಡವರದ್ದಾದರೆ, ಅಂಗಡಿ ಅಂಗಡಿ ಅಲೆಯುವುದು ಅವರದ್ದಾದರೆ ಸಿಟ್‌ಕಾಮ್. ಬಾಲದ ಬಳಿಯ ಕಪ್ಪು ಚುಕ್ಕೆ ಎಲ್ಲಿ ಹೋಯಿತೆಂದು ಮಗು ಒಂದೊಂದಾಗಿ ಗಮನಿಸುತ್ತಾ ಬರುವುದಾದರೆ ಪುಸ್ತಕ. ಪ್ರೇಕ್ಷಕರ ಮುಂದೆ ಮೂರು ನಾಲ್ಕು ಕ್ಯಾಮೆರಾ ಇಟ್ಟು ತೆಗೆಯುವ ಸಿಟ್‌ಕಾಮ್‌ನಲ್ಲಿ ಆ ಚುಕ್ಕೆ ಕಾಣುವುದೇ ಇಲ್ಲ, ಅದಕ್ಕೆಂದೇ ಕ್ಲೋಸಪ್ ತೆಗೆದು ಸೇರಿಸಬೇಕು. ಅಳು ಬಂದ ಮರುಕ್ಷಣ ನಗಿಸಬೇಕಾದ ಅವಸರವೂ ಅಲ್ಲಿದೆ. ಪುಸ್ತಕ ದುಃಖಕ್ಕೆ ಒಂದಿಡೀ ಅಧ್ಯಾಯ ಕೊಡಬಲ್ಲದು.

ಹಿಟ್ಟಿನ ಚೀಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಆನ್ ಫೈನ್ ಅವರ 'ಫ್ಲೋರ್ ಬೇಬೀಸ್' (1992) ಸರಣಿಯ ಪುಸ್ತಕವಲ್ಲ, ಆದರೂ ಈ ಕಥೆಗೆ ಅಳತೆಗೋಲು ಅದೇ. ಅದಕ್ಕೆ ಬ್ರಿಟನ್ನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಕಾರ್ನೆಗೀ ಪದಕ ಬಂದಿದೆ. ಆರು ಪೌಂಡಿನ, ಅಂದರೆ ಸುಮಾರು 2.7 ಕಿಲೋ ಚೀಲವನ್ನು ಹುಡುಗರು ಮೂರು ವಾರ ಕೊಳೆಯಾಗದಂತೆ, ಒದ್ದೆಯಾಗದಂತೆ ನೋಡಿಕೊಳ್ಳಬೇಕು, ಆಗಾಗ ತೂಕ ಹಾಕಿಸಬೇಕು, ದಿನಚರಿ ಬರೆಯಬೇಕು. ಆ ದಿನಗಳಲ್ಲೇ ಒಬ್ಬ ಹುಡುಗ ತನ್ನನ್ನು ಬಿಟ್ಟುಹೋದ ಅಪ್ಪನ ಬಗ್ಗೆ ಯೋಚಿಸತೊಡಗುತ್ತಾನೆ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯುವ 22 ನಿಮಿಷದೊಳಗೆ ಆ ಯೋಚನೆ ಮಾಗುವುದಿಲ್ಲ. ಹಾಗಾಗಿಯೇ ಟಿವಿಯಲ್ಲಿ ಚೀಲ ಒಡೆಯುವುದು, ಚೀಲದ ಬದಲು ಮೊಟ್ಟೆಯಾದರೆ ಅದು ಬೀಳುವುದು ಕಥೆಯ ಮುಖ್ಯ ಘಟನೆಯಾಗಿಬಿಡುತ್ತದೆ.

ವಯಸ್ಸಿನ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1986ರಲ್ಲಿ ಶುರುವಾಗಿ 2000ದವರೆಗೆ ಬಂದ ಆನ್ ಎಂ. ಮಾರ್ಟಿನ್ ಅವರ 'ಬೇಬಿ-ಸಿಟರ್ಸ್ ಕ್ಲಬ್' ಸರಣಿಯಲ್ಲಿ ಮುಖ್ಯ ಪಾತ್ರಗಳಾದ ಹುಡುಗಿಯರು ಎಂಟನೇ ತರಗತಿ ತಲುಪಿ ಅಲ್ಲೇ ವರ್ಷಗಟ್ಟಲೆ ಉಳಿದರು. ಸಾಮಾನ್ಯವಾಗಿ ಎರಡನೇ ಅಧ್ಯಾಯ ಒಬ್ಬೊಬ್ಬರನ್ನೂ ಮತ್ತೆ ಪರಿಚಯಿಸುತ್ತದೆ, ಯಾವ ಪುಸ್ತಕ ಮೊದಲು ಸಿಕ್ಕರೂ ಓದಬಹುದು. ಸಿಟ್‌ಕಾಮ್‌ನಲ್ಲಿ ಆ ಕೆಲಸ ಶೀರ್ಷಿಕೆ ಗೀತೆ ಒಂದು ನಿಮಿಷದಲ್ಲಿ ಮಾಡಿಬಿಡುತ್ತದೆ. ಆದರೆ ನಟಿಸುವ ಮಕ್ಕಳು ಬೆಳೆದುಬಿಡುತ್ತಾರೆ. ಅಮೆರಿಕದ ಸಿಟ್‌ಕಾಮ್ 'ಬ್ರೇಡಿ ಬಂಚ್' 1974ರಲ್ಲಿ, ಮುಗಿಯುವ ಹೊತ್ತಿಗೆ, ಆಲಿವರ್ ಎಂಬ ಚಿಕ್ಕ ಹುಡುಗನನ್ನು ತಂದದ್ದು ಮನೆಯಲ್ಲಿ ಚಿಕ್ಕವರು ಉಳಿದಿರಲಿಲ್ಲವೆಂದೇ. ಒಂಬತ್ತರ ವಯಸ್ಸಿಗೆ ಒಪ್ಪುವ ಮೀನಿನ ಕಥೆ ಹದಿನಾಲ್ಕಕ್ಕೆ ಒಪ್ಪುವುದಿಲ್ಲ.

ಪುಸ್ತಕದ ಕಥೆಯನ್ನು ಸ್ಕ್ರಿಪ್ಟ್ ಮಾಡುವವರು ಮೊದಲು ಮಗುವಿನ ಸ್ವಗತವನ್ನೆಲ್ಲ ಗುರುತು ಹಾಕಿಕೊಳ್ಳಿ. ಅದರಲ್ಲಿ ಕೈಯಿಂದ ಮಾಡಿ ತೋರಿಸಬಹುದಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ. ತೆರವಾದ ಜಾಗಕ್ಕೆ ಬಿ ಟ್ರ್ಯಾಕ್, ಅಂದರೆ ಜೊತೆಜೊತೆಗೆ ಸಾಗುವ ಉಪಕಥೆ, ಬೇಕು, ಅದನ್ನು ದೊಡ್ಡವರಿಗೆ ಕೊಡಿ, ಮತ್ತು ಅದರ ಗುಟ್ಟು ಮಗುವಿನ ಗುಟ್ಟಿಗಿಂತ ಮೊದಲೇ ಬಯಲಾಗಲಿ. ಎರಡೂ ಒಂದೇ ಸೀನ್‌ನಲ್ಲಿ ಬಯಲಾದರೆ ನೋಡುಗರ ಗಮನ ದೊಡ್ಡವರ ಕಡೆ ಹೋಗಿ ಮಗುವಿನ ಕ್ಷಮೆ ಕೇಳುವ ಸೀನ್ ಸಪ್ಪೆಯಾಗುತ್ತದೆ.