ಕಪ್ಪು ಪರದೆಯ ಸ್ಕ್ರಿಪ್ಟ್‌ಗೆ ವಿಂಡೋ: ಝೆನಿಟಿ, ಗೂಯಿ, ಟಿಕಿಂಟರ್, ಪೈಸೈಡ್

ನನ್ನ ಹತ್ತಿರ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ. ಹಳೇ ಕನ್ನಡ ಪುಸ್ತಕದ ಸ್ಕ್ಯಾನ್ ಪುಟಗಳಿರುವ ಫೋಲ್ಡರ್ ಕೊಟ್ಟರೆ ಸಾಕು, ಒಂದೊಂದೇ ಪುಟವನ್ನು, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್‌ನಿಂದ ಓದಿಸಿ ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲಿಗೆ ಸೇರಿಸುತ್ತದೆ. ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕೆಲಸ. ಆದರೆ ಇದು ನಿಜವಾಗಿ ಬೇಕಿದ್ದದ್ದು ನಮ್ಮ ಚಿಕ್ಕಪ್ಪನಿಗೆ. "ಆ ಕಪ್ಪು ಪರದೆ ಬೇಡಪ್ಪ, ಒತ್ತೋಕೆ ಒಂದು ಬಟನ್ ಇಟ್ಟುಕೊಡು" ಅಂದರು. ಅದಕ್ಕೇ ಅದೇ ಸ್ಕ್ರಿಪ್ಟ್‌ಗೆ ನಾಲ್ಕು ಬಗೆಯಲ್ಲಿ ವಿಂಡೋ ಕಟ್ಟಿ ನೋಡಿದೆ. ಅಂದಚಂದಕ್ಕಿಂತ ನಾನು ನೋಡಿದ್ದು ಬೇರೆ: ದಪ್ಪ ಪುಸ್ತಕ ಓಡುತ್ತಿರುವಾಗ ವಿಂಡೋ ಸ್ಪಂದಿಸುತ್ತದೆಯೇ, ನಡುವೆ ನಿಲ್ಲಿಸಬಹುದೇ, ಒತ್ತಕ್ಷರ ನೆಟ್ಟಗೆ ಮೂಡುತ್ತದೆಯೇ.

ಲಿನಕ್ಸ್‌ನಲ್ಲಿದ್ದರೆ, ಕಮಾಂಡ್ ಕೊಟ್ಟು ಡೈಲಾಗ್ ತೋರಿಸುವ ಝೆನಿಟಿಯಷ್ಟು ಸುಲಭದ್ದು ಇನ್ನೊಂದಿಲ್ಲ. ಫೋಲ್ಡರ್ ಆರಿಸಲು ಒಂದು ಕಮಾಂಡ್, ಪ್ರಗತಿಯ ಪಟ್ಟಿಗೆ (ಪ್ರೋಗ್ರೆಸ್ ಬಾರ್) ಇನ್ನೊಂದು. ಸ್ಕ್ರಿಪ್ಟ್ 0ಯಿಂದ 100ರವರೆಗೆ ಸಂಖ್ಯೆ ಪ್ರಿಂಟ್ ಮಾಡಿ ಪೈಪ್‌ನಲ್ಲಿ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ಹೋಗುವ ದಾರಿ) ಕಳಿಸಿದರೆ ಪಟ್ಟಿ ತುಂಬುತ್ತಾ ಹೋಗುತ್ತದೆ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲು ಪಟ್ಟಿಯ ಜೊತೆ ಬರಹವಾಗಿ ಕಾಣುತ್ತದೆ. ಕನ್ನಡವೂ ಸರಿಯಾಗಿ ಬರುತ್ತದೆ. ಆದರೆ ಒಂದಾದ ಮೇಲೊಂದು ಡೈಲಾಗ್ ಬರುತ್ತದೆಯೇ ಹೊರತು ನಮ್ಮದೇ ಆದ ಒಂದು ವಿಂಡೋ ಅಂತ ಇರುವುದಿಲ್ಲ. ಚಿಕ್ಕಪ್ಪನದ್ದು ವಿಂಡೋಸ್ ಬೇರೆ, ಅಲ್ಲಿಗೆ ಇದು ಮುಗಿಯಿತು.

ಕಮಾಂಡ್ ಸ್ಕ್ರಿಪ್ಟನ್ನು ಫಾರ್ಮ್ ಆಗಿಸುವ ಪೈಥಾನ್ ಲೈಬ್ರರಿ ಗೂಯಿ ನೋಡಿ ನಿಜಕ್ಕೂ ಖುಷಿಯಾಯಿತು. ಕಮಾಂಡ್ ಸಾಲಿನ ಆಯ್ಕೆಗಳನ್ನು ಓದಲು ಸ್ಕ್ರಿಪ್ಟ್ ಆರ್ಗ್‌ಪಾರ್ಸ್ ಬಳಸುತ್ತಿದ್ದರೆ ಮೇನ್ ಫಂಕ್ಷನ್ ಮೇಲೆ ಒಂದು ಡೆಕೊರೇಟರ್ (ಒಂದು ಸಾಲಿನ ಗುರುತು) ಹಾಕಿದರೆ ಸಾಕು, ಫಾರ್ಮ್ ತಾನೇ ತಯಾರು. ಆಯ್ಕೆಗಳಿದ್ದ ಕಡೆ ಡ್ರಾಪ್‌ಡೌನ್, ಹೌದು-ಇಲ್ಲ ಇದ್ದ ಕಡೆ ಚೆಕ್‌ಬಾಕ್ಸ್. ಹೆಲ್ಪ್‌ಗೆಂದು ಬರೆದ ಕನ್ನಡ ಸಾಲುಗಳೇ ವಿವರಣೆಯಾಗುತ್ತವೆ. ನಿಲ್ಲಿಸುವ ಬಟನ್ ಕೂಡ ಸಿಗುತ್ತದೆ. ತೊಂದರೆ ಏನೆಂದರೆ, ಫಾರ್ಮ್ ತುಂಬು, ಓಡಿಸು, ಔಟ್‌ಪುಟ್ ನೋಡು, ಇಷ್ಟೇ ಅದರ ಲೋಕ. ಎಡಕ್ಕೆ ಪುಟದ ಚಿತ್ರ, ಬಲಕ್ಕೆ ಓದಿದ ಅಕ್ಷರ ಬೇಕು ಅಂದರೆ ಆಗುವುದಿಲ್ಲ.

ವಿಂಡೋ ಕಟ್ಟುವ ಲೈಬ್ರರಿಯಾದ ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ (ಕೆಲವು ಲಿನಕ್ಸ್‌ಗಳಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು). ಇಲ್ಲಿ ಬಟನ್ ಒತ್ತಿದ ಫಂಕ್ಷನ್ನಿನೊಳಗೇ ಸ್ಕ್ರಿಪ್ಟ್ ಓಡಿಸಿದರೆ ಅದು ಮುಗಿಯುವವರೆಗೂ ವಿಂಡೋ ಕಲ್ಲು. ಹಾಗಾಗಿ ಬೇರೆ ಥ್ರೆಡ್‌ನಲ್ಲಿ (ಜೊತೆಜೊತೆಗೇ ನಡೆಯುವ ಇನ್ನೊಂದು ಎಳೆ) ಓಡಿಸಿ, ಬರುವ ಸಾಲುಗಳನ್ನು ಕ್ಯೂಗೆ (ಸರದಿ) ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಕರೆಯುವ ಆಫ್ಟರ್ ಮೂಲಕ ಆಗಾಗ ಎತ್ತಿಕೊಳ್ಳಬೇಕು. ಇದೇನು ಕಷ್ಟವಲ್ಲ, ಕಿರಿಕಿರಿ ಅಷ್ಟೇ. ನನಗೆ ಇದನ್ನು ಬಿಡಿಸಿದ್ದು ಕನ್ನಡ. ಟಿಕಿಂಟರ್‌ನ ಬುಡದಲ್ಲಿರುವ ಟಿಕೆ 8.6ರಲ್ಲಿ, ಲಿನಕ್ಸ್ ಮೇಲೆ, ಒತ್ತು ಅಕ್ಷರದ ಕೆಳಗೆ ಹೋಗದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಓದಲು ಅಡ್ಡಿಯಿಲ್ಲ. ಆದರೆ ನಾನು ಬರೆಯುವುದು ಲಿನಕ್ಸ್‌ನಲ್ಲಿ. ಒಡೆದ ಅಕ್ಷರ ನೋಡಿಕೊಂಡು ಕನ್ನಡ ಓದುವ ಪ್ರೋಗ್ರಾಂ ಹೇಗೆ ಪರೀಕ್ಷಿಸುವುದು?

ಪೈಸೈಡ್ 6 ಅಂದರೆ ಕ್ಯೂಟಿ ಎಂಬ ವಿಂಡೋ ಕಟ್ಟುವ ಲೈಬ್ರರಿಗೆ ಇರುವ ಪೈಥಾನ್ ದಾರಿ. ಅಕ್ಷರ ಜೋಡಿಸಲು ಹಾರ್ಫ್‌ಬಝ್ ಇರುವುದರಿಂದ ಲಿನಕ್ಸ್, ವಿಂಡೋಸ್ ಎರಡೂ ಕಡೆ ಕನ್ನಡ ಒಂದೇ ತರ ಕಾಣುತ್ತದೆ. ನನ್ನ ಮನಸ್ಸು ಗೆದ್ದದ್ದು ಬೇರೆ ಪ್ರೋಗ್ರಾಂ ಓಡಿಸಿಕೊಡುವ ಅದರ ಕ್ಯೂಪ್ರೋಸೆಸ್. ಸ್ಕ್ರಿಪ್ಟನ್ನು ಅದರ ಕೈಗೆ ಕೊಟ್ಟರೆ, ಹೊಸ ಔಟ್‌ಪುಟ್ ಬಂದಾಗಲೆಲ್ಲ ಒಂದು ಸಿಗ್ನಲ್ ಬರುತ್ತದೆ. ಥ್ರೆಡ್ ಇಲ್ಲ, ಕ್ಯೂ ಇಲ್ಲ. ನಿಲ್ಲಿಸುವಾಗ ಮಾತ್ರ ಎಚ್ಚರ: ವಿಂಡೋಸ್‌ನಲ್ಲಿ ಇಂಥ ಕಮಾಂಡ್ ಪ್ರೋಗ್ರಾಂಗಳು ಟರ್ಮಿನೇಟ್‌ಗೆ (ನಿಲ್ಲು ಎಂಬ ಕೋರಿಕೆ) ಜಗ್ಗುವುದಿಲ್ಲ, ಕಿಲ್ಲೇ (ಬಲವಂತದ ನಿಲುಗಡೆ) ಬೇಕು. ಕಿಲ್ ಮಾಡಿದರೂ ಸಾಯುವುದು ಸ್ಕ್ರಿಪ್ಟ್ ಮಾತ್ರ. ಅದು ಶುರು ಮಾಡಿದ್ದ ಟೆಸೆರಾಕ್ಟ್ ಆ ಪುಟ ಮುಗಿಸಿಯೇ ನಿಲ್ಲುತ್ತದೆ. ಪೈಸೈಡ್‌ನ ಲೈಸೆನ್ಸ್ ಎಲ್‌ಜಿಪಿಎಲ್ (ಸಡಿಲ ಷರತ್ತಿನ ಮುಕ್ತ ಲೈಸೆನ್ಸ್). ಅದರ ಅವಳಿಯಂತಿರುವ ಪೈಕ್ಯೂಟಿ ಜಿಪಿಎಲ್ (ಬಿಗಿ ಷರತ್ತಿನದು), ಇಲ್ಲವೇ ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್. ಹಂಚುವ ಯೋಚನೆಯಿದ್ದರೆ ಈ ವ್ಯತ್ಯಾಸ ಮೊದಲೇ ನೋಡಿಕೊಳ್ಳಿ.

ಯಾವುದನ್ನು ಆರಿಸಿದರೂ ಎರಡು ಕಾಟ ತಪ್ಪಿದ್ದಲ್ಲ. ಔಟ್‌ಪುಟ್ ಟರ್ಮಿನಲ್ ಬದಲು ಪೈಪ್‌ಗೆ ಹೋಗುತ್ತಿದೆ ಅಂತ ಗೊತ್ತಾದರೆ ಪೈಥಾನ್ ಸಾಲುಗಳನ್ನು ಕೂಡಿಟ್ಟು ಒಟ್ಟಿಗೆ ಬಿಡುತ್ತದೆ. ಪ್ರಗತಿಯ ಪಟ್ಟಿ ಸುಮ್ನೆ ನಿಂತಿದ್ದು ಆಮೇಲೆ ಒಂದೇ ಸಲ ಜಿಗಿಯುತ್ತದೆ. ಪ್ರಿಂಟ್‌ನಲ್ಲಿ ಫ್ಲಶ್ ಹಾಕಿದರೆ ಸರಿಹೋಗುತ್ತದೆ. ಇನ್ನೊಂದು ವಿಂಡೋಸ್‌ನದ್ದು. ಹಳೇ ಕೋಡ್‌ಪೇಜ್ (ಕನ್ನಡ ಇಲ್ಲದ ಅಕ್ಷರ ಸಂಕೇತಗಳ ಪಟ್ಟಿ) ಇದ್ದ ಕಡೆ ಪೈಪ್‌ಗೆ ಕನ್ನಡ ಪ್ರಿಂಟ್ ಮಾಡಿದೊಡನೆ ಸ್ಕ್ರಿಪ್ಟ್ ಎರರ್ ಕೊಟ್ಟು ಬೀಳುತ್ತದೆ. ಓಡಿಸುವಾಗ ಪೈಥಾನ್‌ನ ಯುಟಿಎಫ್-8 ಮೋಡ್ ಆನ್ ಮಾಡಬೇಕು.

ಚಿಕ್ಕಪ್ಪನಿಗೆ ಕೊಟ್ಟದ್ದು ಪೈಸೈಡ್. ಪೈಥಾನ್ ಇಲ್ಲದ ಕಡೆಯೂ ಓಡುವಂತೆ ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದರೆ ಟಿಕಿಂಟರ್‌ಗಿಂತ ಬಹಳ ದಪ್ಪ ಆಗುತ್ತದೆ, ಪೆನ್‌ಡ್ರೈವ್‌ನಲ್ಲಿ ಕೊಡುವವನಿಗೆ ಅದೇನು ದೊಡ್ಡದಲ್ಲ ಬಿಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಈಗಲೂ ಝೆನಿಟಿಯೇ. ಆರ್ಗ್‌ಪಾರ್ಸ್ ಸ್ಕ್ರಿಪ್ಟ್‌ಗಳ ರಾಶಿಯೇ ಇದ್ದು, ಆಫೀಸಿನವರಿಗೆ ಇವತ್ತೇ ಕೊಡಬೇಕು ಅನ್ನುವವರು ಗೂಯಿ ಹಿಡಿಯಲಿ. ಒಂದು ನೆನಪಿರಲಿ, ಪೈಇನ್‌ಸ್ಟಾಲರ್ ಪೈಥಾನ್ ಭಾಗವನ್ನು ಮಾತ್ರ ತಾನಾಗಿ ಎತ್ತಿಕೊಳ್ಳುತ್ತದೆ. ಟೆಸೆರಾಕ್ಟನ್ನೂ ಅದರ ಕನ್ನಡ ಡೇಟಾ ಫೈಲನ್ನೂ ನೀವೇ ಜೊತೆಗೆ ಇಡಬೇಕು.