ಬೋಯಾ ಬಿವೈ-ಎಂ1 ಕಾಲರ್ ಮೈಕ್: ಬೈಯುವ ಮೊದಲು ಸ್ವಿಚ್ ನೋಡಿ

ಬೋಯಾ ಬಿವೈ-ಎಂ1 ಬಗ್ಗೆ ಆನ್‌ಲೈನ್ ಅಂಗಡಿಗಳಲ್ಲಿ ಎರಡು ಬಗೆಯ ಮಾತು ಕಾಣುತ್ತದೆ. ಒಂದು, "ಈ ಬೆಲೆಗೆ ಸೂಪರ್". ಇನ್ನೊಂದು, "ಸೌಂಡೇ ಬರ್ತಿಲ್ಲ, ದುಡ್ಡು ದಂಡ". ಎರಡನೆಯದನ್ನು ಬರೆದವರ ಮೈಕ್ ಬಹಳ ಸಲ ಕೆಟ್ಟಿರುವುದೇ ಇಲ್ಲ. ತಂತಿಯಲ್ಲಿರುವ ಪುಟ್ಟ ಡಬ್ಬಿಯ ಸ್ವಿಚ್ ತಪ್ಪು ಕಡೆ ಇರುತ್ತದೆ, ಇಲ್ಲವೇ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ಕ್ಯಾಮೆರಾದ ಆಟೊ ಲೆವೆಲ್ ಧ್ವನಿಯನ್ನು ಕೆಡಿಸಿರುತ್ತದೆ. ಕುಳಿತಲ್ಲಿ ಅಥವಾ ನಿಂತಲ್ಲೇ ಮಾತನಾಡುವ ಒಬ್ಬರ ವಿಡಿಯೊಗೆ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ, ಇದೇ ಮೊದಲು ಕೊಳ್ಳಬೇಕಾದ ಮೈಕ್ ಎಂಬುದು ನಮ್ಮ ತೀರ್ಮಾನ. ಹಾಗೆಂದು ಅದರ ಕ್ಯಾಪ್ಸೂಲಿನಲ್ಲಿ, ಅಂದರೆ ಸದ್ದು ಹಿಡಿಯುವ ಭಾಗದಲ್ಲಿ, ಅಂಥ ವಿಶೇಷವೇನಿಲ್ಲ. ಬಾಯಿಯ ಹತ್ತಿರ ಸಿಕ್ಕಿಸಬಹುದು ಎನ್ನುವುದೇ ಅದರ ಮುಖ್ಯ ಗುಣ.

ಲೆಕ್ಕ ಸರಳ. ಮೈಕಿನ ದೂರ ಎರಡು ಪಟ್ಟಾದಾಗಲೆಲ್ಲ ಅದಕ್ಕೆ ನೇರವಾಗಿ ತಲುಪುವ ಮಾತಿನ ಮಟ್ಟ ಸುಮಾರು 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಕ್ಯಾಮೆರಾ 2 ಮೀಟರ್ ಆಚೆಗಿದ್ದು ಅದರ ಒಳಮೈಕಿನಲ್ಲಿ ರೆಕಾರ್ಡ್ ಮಾಡುವ ಬದಲು, ಎದೆಯ ಮೇಲೆ 20 ಸೆಂ.ಮೀ. ದೂರಕ್ಕೆ ಮೈಕ್ ತಂದರೆ ಮಾತು 20 ಡಿಬಿಯಷ್ಟು ಜೋರಾಗಿ ಸಿಗುತ್ತದೆ. ಫ್ಯಾನು, ರಸ್ತೆ, ಗೋಡೆಯಿಂದ ಮರಳುವ ಮಾರ್ದನಿ ಇದ್ದಷ್ಟೇ ಇರುತ್ತವೆ. ಕ್ಯಾಮೆರಾ ತಲೆಯ ಮೇಲೆ ಕೂರಿಸಿದ ಹತ್ತು ಸಾವಿರದ ಮೈಕಿಗೂ ಈ ಅಂತರವನ್ನು ತುಂಬುವುದು ಕಷ್ಟ.

ಪೆಟ್ಟಿಗೆಯಲ್ಲಿ 6 ಮೀಟರ್ ತಂತಿಯ ಮೈಕ್, ಕ್ಲಿಪ್, ಸ್ಪಂಜಿನ ಟೋಪಿ, ಒಂದು ಎಲ್‌ಆರ್44 ಬಟನ್ ಸೆಲ್, 6.35 ಮಿ.ಮೀ. ದಪ್ಪ ಜಾಕಿಗೆ ಅಡಾಪ್ಟರ್, ಒಂದು ಚೀಲ ಇರುತ್ತವೆ. ಮೈಕ್ ಎಲೆಕ್ಟ್ರೆಟ್ ಕಂಡೆನ್ಸರ್ ಬಗೆಯದು, ಅಂದರೆ ನಡೆಯಲು ಅಲ್ಪ ವಿದ್ಯುತ್ ಬೇಕು. ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಹಿಡಿಯುತ್ತದೆ. ಕಂಪನಿ ಹೇಳುವ ಆವರ್ತನ ವ್ಯಾಪ್ತಿ 65 ಹರ್ಟ್ಸ್‌ನಿಂದ 18 ಕಿಲೋಹರ್ಟ್ಸ್. ಮಾತಿಗೆ ಅಷ್ಟು ಧಾರಾಳವಾಯಿತು. ತಂಬೂರಿ, ಮೃದಂಗದ ಕಛೇರಿಗೆ ಇದನ್ನು ನೆಚ್ಚಬೇಡಿ.

ಈಗ ಆ ಸ್ವಿಚ್ಚಿನ ವಿಷಯ. ಡಬ್ಬಿಯಲ್ಲಿ ಒಂದು ಕಡೆ ಸ್ಮಾರ್ಟ್‌ಫೋನ್, ಅದೇ ಆಫ್ ಕೂಡ. ಇನ್ನೊಂದು ಕಡೆ ಕ್ಯಾಮೆರಾ. ಫೋನಿಗೆ ಸಿಕ್ಕಿಸಿದಾಗ ಮೈಕಿಗೆ ಬೇಕಾದ ಅಲ್ಪ ವಿದ್ಯುತ್ತನ್ನು ಫೋನೇ ಕೊಡುತ್ತದೆ, ಸೆಲ್ ಬೇಕಿಲ್ಲ. ಕ್ಯಾಮೆರಾ ಕಡೆಗೆ ತಳ್ಳಿದರೆ ಮೈಕ್ ಒಳಗಿನ ಸೆಲ್‌ನಿಂದ ನಡೆಯುತ್ತದೆ. ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಭಾಗ ಇವೆ. ಫೋನಿನ ಹೆಡ್‌ಸೆಟ್ ಜಾಕ್ ಮೈಕನ್ನು ಹುಡುಕುವುದು ಬುಡದ ಭಾಗದಲ್ಲಿ, ಕ್ಯಾಮೆರಾ ಹುಡುಕುವುದು ತುದಿಯಲ್ಲಿ. ಸ್ವಿಚ್ ತಪ್ಪಿದ್ದರೆ ಕ್ಯಾಮೆರಾದ ಮೀಟರ್ ಅಲುಗುವುದೇ ಇಲ್ಲ, ಅಥವಾ ಆಳದ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿ ಏನೋ ಕೇಳುತ್ತದೆ. ಹೆಡ್‌ಸೆಟ್ಟಿಗೂ ಮೈಕಿಗೂ ಒಂದೇ ತೂತು ಇರುವ ಲ್ಯಾಪ್‌ಟಾಪಿಗೆ ಫೋನಿನ ಸ್ಥಾನ. ಪ್ರತ್ಯೇಕ ಗುಲಾಬಿ ಬಣ್ಣದ ಮೈಕ್ ಜಾಕ್ ಇರುವ ಡೆಸ್ಕ್‌ಟಾಪಿಗೆ ಕ್ಯಾಮೆರಾದ ಸ್ಥಾನ.

ಸೆಲ್ ಎಷ್ಟು ಉಳಿದಿದೆ ಎಂದು ತೋರಿಸುವ ದೀಪ ಇದರಲ್ಲಿಲ್ಲ. ಇದು ನಿಜವಾದ ಕೊರತೆ. ಚಿತ್ರೀಕರಣ ಮುಗಿದ ಮೇಲೆ ಸ್ವಿಚ್ಚನ್ನು ಕ್ಯಾಮೆರಾ ಕಡೆಗೇ ಬಿಟ್ಟರೆ ಸೆಲ್ ಚೀಲದೊಳಗೇ ಸವೆಯುತ್ತದೆ. ಸೆಲ್ ಇಳಿಯುತ್ತಾ ಬಂದಾಗ ಧ್ವನಿ ಒಮ್ಮೆಲೇ ನಿಲ್ಲದೆ, ಮೊದಲು ತೆಳುವಾಗಿ, ಜೋರು ಮಾತಿನಲ್ಲಿ ಒಡೆಯಲು ಶುರುವಾಗುತ್ತದೆ. ಸ್ಥಳದಲ್ಲಿ ಅದು ಗಮನಕ್ಕೆ ಬರುವುದಿಲ್ಲ, ಎಡಿಟಿಂಗ್‌ನಲ್ಲಿ ಬರುತ್ತದೆ. ಎಲ್‌ಆರ್44 ಕೈಗಡಿಯಾರ ರಿಪೇರಿಯ ಅಂಗಡಿಗಳಲ್ಲೂ ಸಿಗುತ್ತದೆ. ಅದೇ ಅಳತೆಯ ಎಸ್‌ಆರ್44 ಹಾಕಿದರೆ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಸ್ಥಿರ. ಮುಖ್ಯ ಕೆಲಸಕ್ಕೆ ಹೊಸ ಸೆಲ್ ಹಾಕಿ, ಇನ್ನೊಂದನ್ನು ಜೇಬಿನಲ್ಲಿಡಿ.

ಮುಂದಿನ ಕೇಡು ಕ್ಯಾಮೆರಾದ್ದು. ಆಟೊ ಲೆವೆಲ್‌ನಲ್ಲಿ ಮಾತು ನಿಂತ ಕೂಡಲೇ ಕ್ಯಾಮೆರಾ ಸದ್ದನ್ನು ಹುಡುಕಿಕೊಂಡು ಗೇನ್, ಅಂದರೆ ಸದ್ದನ್ನು ಹಿಗ್ಗಿಸುವ ಪ್ರಮಾಣವನ್ನು, ಏರಿಸುತ್ತದೆ. ಆಗ ಫ್ಯಾನಿನ ಗಾಳಿ, ಕ್ಯಾಮೆರಾದ ಸ್ವಂತ ಆಂಪ್ಲಿಫಯರಿನ 'ಸ್ಸ್' ಎನ್ನುವ ಹಿಸ್ ಎಲ್ಲ ಮೇಲೆದ್ದು ಬರುತ್ತವೆ. ಮುಂದಿನ ಮಾತಿನ ಮೊದಲಕ್ಷರ ಅಬ್ಬರಿಸಿ, ಮತ್ತೆ ಕುಸಿಯುತ್ತದೆ. ಪ್ರತಿ ವಾಕ್ಯದ ನಡುವೆ ಅಲೆಯಂತೆ ಏರುವ ಗದ್ದಲ ಕೇಳಿದರೆ ಅದು ಮೈಕಿನ ದೋಷವಲ್ಲ. ಕ್ಯಾನನ್ 200ಡಿ ಮಾರ್ಕ್ ಟುನಲ್ಲಿ ಪವರ್ ಸ್ವಿಚ್ಚನ್ನು ವಿಡಿಯೊ ಸ್ಥಿತಿಗೆ ತಂದು, ಸೌಂಡ್ ರೆಕಾರ್ಡಿಂಗ್ ಮೆನುವಿನಲ್ಲಿ ಮ್ಯಾನ್ಯುಯಲ್ ಆರಿಸಿ. ನಿಕಾನ್ ಡಿ5600ರಲ್ಲಿ ಮೈಕ್ರೊಫೋನ್ ಸಂವೇದನೆಗೆ 1ರಿಂದ 20ರವರೆಗೆ ಅಂಕಿಗಳಿವೆ; ಸೋನಿ ಜೆಡ್‌ವಿ-ಇ10ರಲ್ಲಿ 0ಯಿಂದ 31. ಬಿವೈ-ಎಂ1 ಸೆಲ್‌ ಮೇಲೆ ನಡೆಯುವಾಗ ಸಾಕಷ್ಟು ಬಲವಾದ ಸಿಗ್ನಲ್ ಕೊಡುತ್ತದೆ. ಆದ್ದರಿಂದ ಕೆಳಗಿನ ಅಂಕಿಯಿಂದ ಶುರುಮಾಡಿ ಮೇಲೆ ಹೋಗಿ, ಮೇಲಿನಿಂದ ಇಳಿಸಿಕೊಂಡು ಬರಬೇಡಿ. ಮಾತಿನ ಜೋರಾದ ಜಾಗಗಳು ಮೀಟರಿನಲ್ಲಿ -12ರ ಗುರುತನ್ನು ಆಗೀಗ ದಾಟಿದರೆ ಸಾಕು. 0 ಮೀಟರಿನ ಕೊನೆಯ ಮಿತಿ; ಅದನ್ನು ಮುಟ್ಟಿ ಒಡೆದ ಧ್ವನಿ ಮತ್ತೆ ಸರಿಯಾಗದು. ಲೆವೆಲ್ ಹೊಂದಿಸುವಾಗ "ಹಲೋ, ಒನ್ ಟೂ ತ್ರೀ" ಅನ್ನಿಸಬೇಡಿ. ವಿಡಿಯೊದಲ್ಲಿ ಹೇಳಲಿರುವ ಎರಡು ವಾಕ್ಯಗಳನ್ನೇ, ಅದೇ ಉತ್ಸಾಹದಲ್ಲಿ ಹೇಳಿಸಿ. ಕ್ಯಾನನ್‌ನ ವಿಂಡ್ ಫಿಲ್ಟರ್ ಒಳಮೈಕಿಗೆ ಮಾತ್ರ. ಹೊರಗಿನ ಮೈಕಿಗೆ ಅದರಿಂದ ಏನೂ ಆಗದು.

200ಡಿ ಮಾರ್ಕ್ ಟುನಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಎಂ50ಯಲ್ಲೂ ಇಲ್ಲ. ಅಂಥ ಕ್ಯಾಮೆರಾಗಳಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಫೈಲನ್ನು ಫೋನಿಗೆ ತಂದು ಇಯರ್‌ಫೋನಿನಲ್ಲಿ ಕೇಳದೆ ಮುಂದೆ ಹೋಗಬೇಡಿ. ಮೀಟರ್ ಸದ್ದಿದೆ ಎಂದಷ್ಟೇ ಹೇಳುತ್ತದೆ, ಅದು ಮಾತೋ ಬಟ್ಟೆಯ ಉಜ್ಜಾಟವೋ ಎಂದು ಹೇಳುವುದಿಲ್ಲ. ಧ್ವನಿ ಒಂದೇ ಕಿವಿಯಲ್ಲಿ ಬಂದರೆ ಪಿನ್ ಪೂರ್ತಿ ಕೂತಿದೆಯೇ ನೋಡಿ. ಆಗಲೂ ಹಾಗೇ ಇದ್ದರೆ ಎಡಿಟಿಂಗ್‌ನಲ್ಲಿ ಆ ಚಾನೆಲನ್ನು ಎರಡೂ ಕಡೆಗೆ ಹಾಕಿಕೊಳ್ಳಬಹುದು, ಗುಣಮಟ್ಟ ಕಡಿಮೆಯಾಗುವುದಿಲ್ಲ.

ಸಿಕ್ಕಿಸುವ ಜಾಗ ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಕಾಲರಿನ ಒಂದು ಪಕ್ಕಕ್ಕೆ ಹಾಕಿದರೆ ಆ ಕಡೆ ತಲೆ ತಿರುಗಿಸಿದಾಗ ಮಾತು ಜೋರಾಗಿ, ಆಚೆ ತಿರುಗಿಸಿದಾಗ ಮಂಕಾಗಿ ಬರುತ್ತದೆ. ಅಂಗಿಗೆ, ಜುಬ್ಬಕ್ಕೆ ಗುಂಡಿಪಟ್ಟಿಯೇ ಸರಿಯಾದ ಜಾಗ. ಸೀರೆಯಲ್ಲಿ ಕೆಲಸ ಸ್ವಲ್ಪ ಹೆಚ್ಚು: ರೇಷ್ಮೆ ಸೆರಗು ಪ್ರತಿ ಉಸಿರಿಗೂ ಸರಸರ ಅನ್ನುತ್ತದೆ, ಜರಿಯ ಅಂಚು ಇನ್ನೂ ಹೆಚ್ಚು. ಸೆರಗಿನ ನೆರಿಗೆಗಳನ್ನು ಪಿನ್ ಹಾಕಿ ಬಿಗಿಮಾಡಿ, ಕ್ಲಿಪ್ಪನ್ನು ರವಿಕೆಯ ಅಂಚಿಗೆ ಹಾಕುವುದು ಒಳ್ಳೆಯದು. ತಾಳಿಸರ, ಉದ್ದದ ಸರಗಳು ಮೈಕಿಗೆ ತಾಗಿ ಟಕ್ ಟಕ್ ಎನ್ನುತ್ತವೆ. ಅವನ್ನು ಸೆರಗಿನೊಳಗೆ ಸೇರಿಸಿ, ಔಷಧಿ ಅಂಗಡಿಯ ಪೇಪರ್ ಟೇಪಿನಿಂದ ನಿಲ್ಲಿಸಬಹುದು. ಕ್ಲಿಪ್ಪಿನ ಕೆಳಗೆ ತಂತಿಯನ್ನು ಒಂದು ಸಣ್ಣ ಸುತ್ತು ಸುತ್ತಿ ಅದೇ ಕ್ಲಿಪ್ಪಿನಲ್ಲಿ ಸಿಕ್ಕಿಸಿದರೆ, ತಂತಿ ಎಳೆದ ಸದ್ದು ಮೈಕಿಗೆ ಏರುವುದಿಲ್ಲ. ಪ, ಫ, ಭ ಅಕ್ಷರಗಳಲ್ಲಿ 'ಫಟ್' ಎಂದು ಗಾಳಿ ಹೊಡೆಯುವವರಿಗೆ ಮೈಕನ್ನು ತಲೆಕೆಳಗಾಗಿ ಸಿಕ್ಕಿಸಿ. ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕಾದ್ದರಿಂದ ಮಾತಿನಲ್ಲಿ ವ್ಯತ್ಯಾಸ ಗೊತ್ತಾಗದು, ಗಾಳಿ ಮಾತ್ರ ತಪ್ಪುತ್ತದೆ.

ಎಲ್ಲ ದಿಕ್ಕಿನಿಂದ ಕೇಳುವುದರ ಇನ್ನೊಂದು ಮುಖವೂ ಇದೆ. ಫ್ರಿಜ್, ಇನ್ವರ್ಟರ್, ಮಿಕ್ಸಿ, ಪಕ್ಕದ ಮನೆಯ ಕುಕ್ಕರ್ ಸೀಟಿ, ಒಂದನ್ನೂ ಇದು ಬಿಡುವುದಿಲ್ಲ. ಅಡುಗೆ ವಿಡಿಯೊದಲ್ಲಿ ಮೈಕ್ ಹಾಕಿಕೊಂಡವರು ಬಾಣಲೆಯ ಮೇಲೆ ಬಾಗಿ ಒಗ್ಗರಣೆ ಹಾಕಿದರೆ ಸಾಸಿವೆಯ ಚಟಪಟ ಮಾತನ್ನು ನುಂಗುತ್ತದೆ. ಆ ಸದ್ದು ಬೇಕಾದರೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಿ. ವಿಟ್ರಿಫೈಡ್ ಟೈಲ್ಸ್ ನೆಲ, ಬರಿಗೋಡೆಯ ಕೋಣೆಯಾದರೆ ಮಾತನಾಡುವವರ ಎದುರಿಗೆ, ಚಿತ್ರದಲ್ಲಿ ಕಾಣದ ಹಾಗೆ ದಪ್ಪ ಕಂಬಳಿಯೊಂದನ್ನು ನೇತುಹಾಕಿ, ನೆಲಕ್ಕೆ ಜಮಖಾನ ಹಾಸಿ. ಬಯಲಿನಲ್ಲಿ ಪೆಟ್ಟಿಗೆಯ ಸ್ಪಂಜು ತೆಳುಗಾಳಿಯನ್ನಷ್ಟೇ ತಡೆಯುತ್ತದೆ. ಗದ್ದೆ, ಕಡಲತೀರ, ಟೆರೇಸಿಗೆ ಕೂದಲಿನ ಟೋಪಿ ಬೇರೆ ಕೊಳ್ಳಬೇಕು.

ಕ್ಯಾನನ್ 1500ಡಿ, 3000ಡಿ, ನಿಕಾನ್ ಡಿ3500, ಸೋನಿ ಎ6000 ಇಟ್ಟುಕೊಂಡವರಿಗೆ ಬೇರೆಯೇ ತೊಡಕು: ಇವುಗಳಲ್ಲಿ ಮೈಕ್ ಜಾಕೇ ಇಲ್ಲ. ಅದಕ್ಕಾಗಿ ಕ್ಯಾಮೆರಾ ಬದಲಾಯಿಸುವ ಅಗತ್ಯವಿಲ್ಲ. ಮೈಕನ್ನು ಫೋನಿಗೆ ಸಿಕ್ಕಿಸಿ, ಸ್ವಿಚ್ ಫೋನಿನ ಕಡೆಗೆ ತಂದು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮಾತನಾಡುವವರ ಜೇಬಿಗಿಳಿಸಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್ ಆರಿಸಿ, ಏಕೆಂದರೆ ವಿಡಿಯೊದ ಧ್ವನಿಯೂ ಅದೇ ದರದ್ದು. ಕ್ಯಾಮೆರಾದ ಒಳಮೈಕನ್ನು ಬಂದ್ ಮಾಡಬೇಡಿ. ಎರಡೂ ಓಡುತ್ತಿರುವಾಗ ಚಿತ್ರದಲ್ಲಿ ಕಾಣುವಂತೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಆ ಎರಡು ಮೊನೆಗಳನ್ನು ಒಂದರ ಮೇಲೊಂದು ಕೂಡಿಸಿದರೆ ತುಟಿಗೂ ಮಾತಿಗೂ ಹೊಂದುತ್ತದೆ; ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಧ್ವನಿಯ ಅಲೆಯ ಆಕಾರ ನೋಡಿ ಈ ಕೆಲಸವನ್ನು ತಾನೇ ಮಾಡುತ್ತದೆ. ಉದ್ದದ ಉಪನ್ಯಾಸದಲ್ಲಿ ಫೋನಿನ ಗಡಿಯಾರವೂ ಕ್ಯಾಮೆರಾದ ಗಡಿಯಾರವೂ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತವೆ, ಆದ್ದರಿಂದ ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. 1500ಡಿ 29 ನಿಮಿಷ 59 ಸೆಕೆಂಡಿಗೆ ವಿಡಿಯೊ ನಿಲ್ಲಿಸುತ್ತದೆ; ಮತ್ತೆ ಶುರು ಮಾಡಿದಾಗ ಮತ್ತೊಂದು ಚಪ್ಪಾಳೆ ಬೇಕು. ಜಾಕ್ ಇಲ್ಲದ ಹೊಸ ಫೋನುಗಳಿಗೆ ಟೈಪ್-ಸಿ ಅಡಾಪ್ಟರ್ ಬೇಕು, ಆದರೆ ಹಾಡು ಕೇಳಿಸುವ ಎಲ್ಲ ಅಡಾಪ್ಟರುಗಳೂ ಮೈಕನ್ನು ಒಳಬಿಡುವುದಿಲ್ಲ. ಅಂಗಡಿಯಲ್ಲೇ ನಿಮ್ಮ ಫೋನು, ನಿಮ್ಮ ಮೈಕ್ ಸಿಕ್ಕಿಸಿ ನೋಡಿ ಕೊಳ್ಳಿ.

ಇಬ್ಬರ ಸಂದರ್ಶನಕ್ಕೆ ಇದು ಸಾಲದು. ಮೇಜಿನ ನಡುವೆ ಇಟ್ಟರೆ ಇಬ್ಬರದ್ದೂ ಕೆಡುತ್ತದೆ. ನಡೆಯುತ್ತಾ ಮಾತನಾಡುವವರಿಗೆ 6 ಮೀಟರ್ ತಂತಿ ಕಾಲಿಗೆ ತೊಡಕು, ಅವರು ವೈರ್‌ಲೆಸ್ ಕಡೆಗೇ ಹೋಗಲಿ. ಕ್ಯಾಮೆರಾ ಹಿಡಿದು ತಾವೇ ಮಾತನಾಡುವ ವ್ಲಾಗರುಗಳಿಗೆ ಕ್ಯಾಮೆರಾ ಮೇಲೆ ಕೂರಿಸುವ, ರೋಡ್ ಕಂಪನಿಯ ವಿಡಿಯೊಮೈಕ್ರೊ ಮೈಕ್ ಹೊಂದುತ್ತದೆ: ತೂಕ 42 ಗ್ರಾಂ, ಸೆಲ್ ಬೇಡ, ಕೂದಲಿನ ಟೋಪಿ ಜೊತೆಗೇ ಬರುತ್ತದೆ. ಆದರೆ ಅದನ್ನು ಕೈಯಳತೆಗಿಂತ ದೂರ ಇಟ್ಟರೆ ಮತ್ತೆ ಮೊದಲಿನ 6 ಡಿಬಿ ಲೆಕ್ಕ ಶುರುವಾಗುತ್ತದೆ. ಬಿವೈ-ಎಂ1ನಲ್ಲೇ ಪ್ರೊ ಮಾದರಿಗೆ ಹೆಡ್‌ಫೋನ್ ಜಾಕ್ ಇದೆ. ಕ್ಯಾಮೆರಾದಲ್ಲಿ ಆ ಜಾಕ್ ಇಲ್ಲದವರು ಸ್ವಲ್ಪ ಹೆಚ್ಚು ಕೊಟ್ಟು ಅದನ್ನು ನೋಡಬಹುದು. ಅದರಲ್ಲಿ ಕೇಳುವುದು ಮೈಕಿನಿಂದ ಹೊರಟ ಧ್ವನಿ, ಕ್ಯಾಮೆರಾ ರೆಕಾರ್ಡ್ ಮಾಡಿದ್ದಲ್ಲ ಎಂಬುದು ನೆನಪಿರಲಿ.

ಇಂಥ ಮೈಕುಗಳಲ್ಲಿ ಮೊದಲು ಸಾಯುವುದು ಪಿನ್ನಿನ ಕುತ್ತಿಗೆ. ತಂತಿಯನ್ನು ಡಬ್ಬಿಯ ಸುತ್ತ ಬಿಗಿಯಾಗಿ ಸುತ್ತಬೇಡಿ. ಅಗಲವಾದ ಸಡಿಲ ಸುತ್ತುಗಳಾಗಿ ಮಡಚಿ ಒಂದು ವೆಲ್ಕ್ರೊ ಪಟ್ಟಿ ಹಾಕಿ. ಚಿತ್ರೀಕರಣದಲ್ಲಿ ಹೆಚ್ಚಾದ ತಂತಿಯನ್ನು ಟ್ರೈಪಾಡಿನ ಕಾಲಿಗೆ ಕಟ್ಟಿದರೆ, ಯಾರಾದರೂ ಎಡವಿದಾಗ ಎಳೆತ ಕ್ಯಾಮೆರಾದ ಜಾಕಿಗೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಈ ಮಾದರಿಯ ನಕಲುಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ, ಬಿಲ್ ಇಲ್ಲದೆ ಕೊಳ್ಳಬೇಡಿ.