ಅಜ್ಜನ ಕಾಲದ ಕೋವಿಗೆ ಬಫಿಂಗ್ ಹೊಡೆಸಬೇಡಿ

ಕೊಡಗಿನ ಒಂದು ಐನ್‌ಮನೆಯ (ಕುಲದ ಮೂಲಮನೆಯ) ಕೇಪಿನ ಕೋವಿಗೆ, ಅಂದರೆ ಬಾಯಿಯಿಂದ ಮದ್ದು ತುಂಬಿ, ಬಡಿದರೆ ಕಿಡಿ ಹಾರುವ ಪುಟ್ಟ ಕೇಪಿನಿಂದ ಹೊತ್ತಿಸುವ ಕೋವಿಗೆ, ಆದದ್ದಿದು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಹೊಳೆಯಲಿ ಅಂತ ಗ್ರಿಲ್ ಕೆಲಸದ ಶೆಡ್ಡಿಗೆ ಕೊಟ್ಟು ಬಫಿಂಗ್ ಹೊಡೆಸಿದರು. ಕನ್ನಡಿಯಂತೆ ಹೊಳೆಯಿತು, ನಿಜ. ಆದರೆ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯ) ಬುಡದಲ್ಲಿ, ಲಾಕ್ (ಹಾರಿಸುವ ಯಂತ್ರ) ಕೂರುವ ಪ್ಲೇಟಿನಲ್ಲಿದ್ದ ಗುರುತು, ಇಸವಿ ಎರಡೂ ಸವೆದುಹೋದವು. ಅಲ್ಲಿ ಕಿರೀಟ ಹಿಡಿದ ಸಿಂಹವಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಮಾಲು. ಕಿರೀಟದ ಕೆಳಗೆ ‘ವಿ.ಆರ್.’ ಇದ್ದರೆ ವಿಕ್ಟೋರಿಯಾ ಕಾಲದ ಬ್ರಿಟಿಷ್ ಸರ್ಕಾರದ್ದು. ಯಾವುದಿತ್ತು ಅನ್ನುವುದರಲ್ಲಿ ಮನೆಯವರದೇ ಈಗ ಎರಡು ಪಕ್ಷ.

ಇಂಥ ಕೋವಿ ಕೈಗೆ ಬಂದರೆ ಮೊದಲು ಒಳಗೆ ಈಡು (ತುಂಬಿದ ಮದ್ದು-ಗುಂಡು) ಉಳಿದಿದೆಯೇ ನೋಡಿ. ನಳಿಗೆಯ ಬಾಯಿಗೆ ಮುಖ ಒಡ್ಡದೆ ಗಜವನ್ನು (ಮದ್ದು ಜಡಿಯುವ ಸಲಾಕೆಯನ್ನು) ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಹೊರತೆಗೆದು, ಗೆರೆಯನ್ನು ನಳಿಗೆಯ ಬಾಯಿಗೆ ಸರಿಯಾಗಿ ಹಿಡಿದು ಪಕ್ಕದಲ್ಲಿ ಇಟ್ಟು ನೋಡಿ. ತುದಿ ಕೇಪು ಕೂರುವ ಮೊಳೆಯ ಹತ್ತಿರ ಬರಬೇಕು. ಎರಡು ಮೂರು ಇಂಚು ಹಿಂದೆಯೇ ನಿಂತರೆ ಒಳಗೆ ಹಳೆಯ ಮದ್ದು-ಗುಂಡು ಇದೆ ಅಂತಲೇ ತಿಳಿಯಿರಿ. ಒಣಗಿದ ಕರಿಮದ್ದು ನೂರು ವರ್ಷವಾದರೂ ಉರಿಯುತ್ತದೆ. ಕುದುರೆ ಮುಟ್ಟಬೇಡಿ, ಡ್ರಿಲ್ ಹಾಕಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಸಿ.

ಖಾಲಿ ಅಂತ ಖಚಿತವಾದ ಮೇಲೆ ವರ್ನಿಯರ್ ಅಳತೆಪಟ್ಟಿಯಿಂದ ನಳಿಗೆಯ ಬಾಯಿಯ ಒಳ ಅಗಲ ಅಳೆಯಿರಿ. ಸುಮಾರು 14.7 ಮಿ.ಮೀ. ಇದ್ದು, ಒಳಗೆ ಮೂರು ತಿರುಪುಗೆರೆ (ಗುಂಡನ್ನು ತಿರುಗಿಸಿ ಹಾರಿಸುವ ಸುರುಳಿ ಗೆರೆ) ಕಂಡರೆ 1853ರ ಮಾದರಿಯ ಎನ್‌ಫೀಲ್ಡ್ ಎಂಬ ಬ್ರಿಟಿಷ್ ಸೈನ್ಯದ ಕೋವಿ. ಹೊರಗಿಂದ ಹಾಗೇ ಕಾಣುತ್ತಾ, 16.7 ಮಿ.ಮೀ. ಇದ್ದು ಒಳಗೆ ನುಣುಪಾಗಿದ್ದರೆ, ‘ಗೆರೆ ಸವೆದ ಎನ್‌ಫೀಲ್ಡ್’ ಅಂತ ಮೂಗು ಮುರಿಯಬೇಡಿ. 1857ರ ದಂಗೆಯ ನಂತರ ದೇಸಿ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹೊಡೆಯುವ ಕೋವಿ ಬೇಡವೆಂದು, ಬೇಕಂತಲೇ ಗೆರೆಯಿಲ್ಲದೆ ಮಾಡಿಸಿದ್ದು ಅದು. ಇನ್ನು, ‘ವಿ.ಆರ್.’ ಜೊತೆಗೆ 1908 ಅಂತ ಇದ್ದರೆ ಗುರುತು ನಕಲಿ. ರಾಣಿ ತೀರಿಕೊಂಡದ್ದು 1901ರಲ್ಲಿ!

ಬಫಿಂಗ್ ಆಗಿಹೋಗಿದ್ದರೂ ಲಾಕಿನ ಒಳಮೈ, ನಳಿಗೆಯ ಅಡಿಭಾಗ ಉಳಿದಿರುತ್ತವೆ. ತಯಾರಕರ ಮುದ್ರೆ ಅಲ್ಲಿ ಸಿಗಬಹುದು. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ಎದುರು ಬದಿಯ ಎರಡು ಸ್ಕ್ರೂಗಳನ್ನು ಎರಡು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಲಾಕ್ ಮೇಲೆದ್ದು ಬರುತ್ತದೆ. ಅಂಚಿನಿಂದ ಮೀಟಿದರೆ ಮರ ಸೀಳುತ್ತದೆ.

‘ಹಳೇದು, ಲೈಸೆನ್ಸ್ ಬೇಡ’ ಅನ್ನುವವರನ್ನು ನಂಬಬೇಡಿ. 1959ರ ಆಯುಧ ಕಾಯ್ದೆಯ 45(ಸಿ) ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಹಾರದ ಕೋವಿಗೆ ಮಾತ್ರ. ಗುರುತು ಹಿಡಿಸಲು ಕೋವಿ ಹೊತ್ತು ತಿರುಗಬೇಕಾಗಿಯೂ ಇಲ್ಲ. ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದರೆ ಅರ್ಧ ಸವೆದ ಅಕ್ಷರವೂ ಕಾಣುತ್ತದೆ.